ಸಂಪಾದಕರ ಉತ್ತರ: ಕೆಳಗಿನ ಪಟ್ಟಿಕೆಯಷ್ಟೇ ಉಳಿದ ವೀರಗಲ್ಲು

ಪ್ರೌಢಶಾಲೆಯಲ್ಲಿ ಬಹುಕಾಲ ಇತಿಹಾಸ ಪಾಠ ಹೇಳಿ ನಿವೃತ್ತರಾದ ಸಾಗರದ ಓದುಗರೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮಾತು ಕಡಿಮೆಯಿರುವ ಚಲನಚಿತ್ರಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಡೆನ್ಮಾರ್ಕಿನ ನಿರ್ದೇಶಕ ನಿಕೊಲಸ್ ವಿಂಡಿಂಗ್ ರೆಫ್ನ್ ಅವರ ‘ವಲ್ಹಲ್ಲಾ ರೈಸಿಂಗ್’ ಚಿತ್ರವೂ ಇತ್ತು. ಅದನ್ನು ನಂಬಿ ಅವರು ಮೊಮ್ಮಗನ ಜೊತೆ ಕುಳಿತು ಚಿತ್ರ ನೋಡಲು ತೊಡಗಿದರು. ಸ್ವಲ್ಪ ಹೊತ್ತಿನಲ್ಲೇ ಹುಡುಗನನ್ನು ಒಳಗೆ ಕಳಿಸಿ, ತಾವೊಬ್ಬರೇ ಕೊನೆಯವರೆಗೆ ನೋಡಿದರು. ಅವರ ಆಕ್ಷೇಪಗಳು ನಾಲ್ಕು. ಇಷ್ಟು ಕ್ರೂರವಾದ ಚಿತ್ರವನ್ನು ಮುನ್ಸೂಚನೆಯಿಲ್ಲದೆ ಸೂಚಿಸಿದ್ದು ತಪ್ಪು. ಇದರಲ್ಲಿರುವುದು ವೀರವಲ್ಲ, ಬರಿಯ ಬೀಭತ್ಸ. ನಾಯಕನ ಮೌನವು ಹೇಳಲು ಏನೂ ಇಲ್ಲದವರು ಹೊದ್ದುಕೊಂಡ ಗಾಂಭೀರ್ಯ. ಇತಿಹಾಸವಂತೂ ಪೂರ್ತಿ ಕಲಸಿಹೋಗಿದೆ. ಪತ್ರದ ಅಂಚಿನಲ್ಲಿ ಚಿತ್ರದೊಳಗಿನ ಹುಡುಗನ ಬಗ್ಗೆ ಒಂದು ಪ್ರಶ್ನೆಯೂ ಇದೆ: “ಕೊನೆಯಲ್ಲಿ ಆ ಹುಡುಗ ಏನಾಗುತ್ತಾನೆ?”

ಮಾನ್ಯರೇ,

ಮೊದಲನೆಯ ಆಕ್ಷೇಪಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಪಟ್ಟಿಯನ್ನು ಅಚ್ಚಿಗೆ ಕಳಿಸುವ ಮುನ್ನ ಓದಿದವನು ನಾನೇ, ಈ ಚಿತ್ರವನ್ನು ಎರಡು ಸಲ ನೋಡಿದವನೂ ನಾನೇ. ಹೊಟ್ಟೆ ಬಗೆಯುವ ಆ ದೃಶ್ಯ ನೆನಪಿದ್ದೂ ಒಂದು ಸಾಲು ಸೇರಿಸದೆ ಬಿಟ್ಟದ್ದು ನನ್ನ ತಪ್ಪು. ತಮ್ಮ ಮನೆಯ ಹುಡುಗನಿಗೆ ಆದ ಗಾಬರಿಗೆ ಕ್ಷಮೆ ಕೋರುತ್ತೇನೆ. ಮುಂದಿನ ಸಂಚಿಕೆಯಿಂದ ಇಂಥ ಚಿತ್ರಗಳ ಹೆಸರಿನ ಪಕ್ಕದಲ್ಲೇ ಅವು ಯಾರಿಗೆ ತಕ್ಕವಲ್ಲ ಎಂಬುದನ್ನು ಸ್ಪಷ್ಟವಾಗಿ ನಮೂದಿಸುತ್ತೇವೆ.

ಎರಡನೆಯ ಆಕ್ಷೇಪದ ಬಗ್ಗೆ ಮಾತ್ರ ತಮ್ಮೊಡನೆ ವಿವರವಾಗಿ ಮಾತಾಡಬೇಕಾಗಿದೆ. ಏಕೆಂದರೆ ಈ ಚಿತ್ರದ ಬಗ್ಗೆ ನಾನು ಓದಿದ ಹಲವು ವಿಮರ್ಶೆಗಳಿಗಿಂತ ತಮ್ಮ ಆ ಒಂದು ವಾಕ್ಯ ಹೆಚ್ಚು ಸರಿಯಾಗಿದೆ. ಇದು ವೀರವಲ್ಲ, ಬೀಭತ್ಸ. ಹೌದು. ತಾವು ದೂರಾಗಿ ಬರೆದ ಆ ಮಾತನ್ನೇ ನಾನು ಈ ಚಿತ್ರದ ಪ್ರಾಮಾಣಿಕತೆಗೆ ಸಾಕ್ಷಿಯೆಂದು ತಿಳಿದಿದ್ದೇನೆ.

ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಬೆಟ್ಟದ ನೆತ್ತಿಯ ಕೆಸರಿನಲ್ಲಿ ಒಂದು ಕಂಬ, ಆ ಕಂಬಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಒಬ್ಬ ಸೆರೆಯಾಳಿನ ಕುತ್ತಿಗೆಗೆ. ಅವನಿಗೆ ಒಂದೇ ಕಣ್ಣು. ಮಾತಿಲ್ಲ, ಹೆಸರೂ ಇಲ್ಲ. ಅವನನ್ನು ಇಟ್ಟುಕೊಂಡ ನಾಯಕ ಬೇರೆ ಸೆರೆಯಾಳುಗಳನ್ನು ಅವನ ಮೇಲೆ ಬಿಟ್ಟು ಪಣ ಕಟ್ಟುತ್ತಾನೆ. ಇವನು ಒಬ್ಬೊಬ್ಬರನ್ನೇ ಕೊಂದು ಮತ್ತೆ ಮರದ ಪಂಜರಕ್ಕೆ ಮರಳುತ್ತಾನೆ. ಅವನ ಹತ್ತಿರ ಅಂಜದೆ ಹೋಗುವವನು ಊಟ ನೀರು ಕೊಡುವ ಒಬ್ಬ ಹುಡುಗ ಮಾತ್ರ. ಮುಂದೊಂದು ದಿನ ‘ಒಕ್ಕಣ್ಣ’ ಎಂಬರ್ಥದ ಹೆಸರನ್ನು ಇಡುವವನೂ ಆ ಹುಡುಗನೇ. ಸ್ನಾನಕ್ಕೆ ಇಳಿಸಿದ ಮಡುವಿನ ತಳದಲ್ಲಿ ಒಕ್ಕಣ್ಣನಿಗೆ ಒಂದು ಬಾಣದ ಮೊನೆ ಸಿಗುತ್ತದೆ. ಅದರ ನೆರವಿನಿಂದ ಅವನು ತಪ್ಪಿಸಿಕೊಳ್ಳುತ್ತಾನೆ, ಸೆರೆಯಿಟ್ಟವರನ್ನು ಕೊಲ್ಲುತ್ತಾನೆ. ಹುಡುಗ ಅವನ ಹಿಂದೆಯೇ ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕ ಕ್ರೈಸ್ತ ಯೋಧರ ಗುಂಪೊಂದು ಜೆರುಸಲೇಮಿಗೆ ಹೊರಟಿದ್ದು, ಇವರಿಬ್ಬರೂ ಅವರ ದೋಣಿ ಹತ್ತುತ್ತಾರೆ. ಮಂಜು ಮುಸುಕಿ, ಗಾಳಿ ಸತ್ತು, ದೋಣಿ ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯದೆ ದಿನಗಳು ಕಳೆದ ಮೇಲೆ ಅವರು ಮುಟ್ಟುವುದು ಪುಣ್ಯಭೂಮಿಯನ್ನಲ್ಲ, ಅಮೆರಿಕದ ದಡವನ್ನು.

ಕಥೆಗೆ ಆರು ಭಾಗಗಳಿವೆ. ಮೊದಲ ಭಾಗದ ಹೆಸರು ಕ್ರೋಧ. ರೌದ್ರರಸಕ್ಕೆ ಕ್ರೋಧ ಸ್ಥಾಯಿ (ಮೂಲಭಾವ), ವೀರಕ್ಕೆ ಉತ್ಸಾಹ ಸ್ಥಾಯಿ, ಬೀಭತ್ಸಕ್ಕೆ ಜುಗುಪ್ಸೆ ಸ್ಥಾಯಿ ಎಂಬುದು ತಮಗೆ ನಾನು ಹೇಳಬೇಕಾದ ವಿಷಯವಲ್ಲ. ಆದರೆ ಆ ಮೊದಲ ಭಾಗವನ್ನು ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ: ಶೀರ್ಷಿಕೆ ಕ್ರೋಧವೆಂದು ಹೇಳುತ್ತಿದ್ದರೂ ಒಕ್ಕಣ್ಣನ ಮುಖದಲ್ಲಿ ಕ್ರೋಧವಿಲ್ಲ. ಹುಬ್ಬು ಗಂಟಿಕ್ಕುವುದಿಲ್ಲ, ಹಲ್ಲು ಕಡಿಯುವುದಿಲ್ಲ, ಕೊಂದ ಮೇಲೆ ಎದೆ ಉಬ್ಬುವುದಿಲ್ಲ. ಹೊಲದ ಕೆಲಸ ಮುಗಿಸಿದ ಆಳಿನಂತೆ ಕೈ ಇಳಿಬಿಟ್ಟು ನಿಲ್ಲುತ್ತಾನೆ. ಕ್ರೋಧವಿರುವುದು, ಇದ್ದರೆ, ಅವನನ್ನು ಕಾದಿಸಿ ನೋಡುತ್ತಾ ಬೆಟ್ಟದ ಇಳಿಜಾರಿನಲ್ಲಿ ಕುಳಿತವರಲ್ಲಿ.

ಹೊಟ್ಟೆ ಬಗೆಯುವುದು ನಮಗೆ ಹೊಸದಲ್ಲ. ಹಿರಣ್ಯಕಶಿಪುವಿನ ಕರುಳನ್ನು ಮಾಲೆಯಾಗಿ ಧರಿಸಿದ ನರಸಿಂಹನಿಗೆ ಕೈಮುಗಿದು ಬೆಳೆದವರು ನಾವು. ದುಶ್ಶಾಸನನ ಎದೆ ಸೀಳಿ ನೆತ್ತರು ಕುಡಿಯುವ ಭೀಮನನ್ನು ತಮ್ಮ ಸೀಮೆಯ ಬಯಲಾಟಗಳಲ್ಲಿ ಮಕ್ಕಳು ಅಜ್ಜಿಯರ ತೊಡೆಯ ಮೇಲೆ ಕುಳಿತೇ ನೋಡುತ್ತಾರೆ. ಅಲ್ಲಿ ನಮಗೆ ಅಸಹ್ಯ ಬಾರದಂತೆ ಕಾಯುವುದು ಯಾವುದು? ಪ್ರತಿಜ್ಞೆ. ಬಿಚ್ಚಿದ ಮುಡಿ ಕಾಯುತ್ತಿದೆ, ಕೊಟ್ಟ ಮಾತು ಕಾಯುತ್ತಿದೆ, ಭಕ್ತನ ಕೂಗು ಕಂಬದಿಂದ ದೇವರನ್ನು ಹೊರಗೆಳೆದಿದೆ. ಹಿಂಸೆಗೆ ಮೊದಲೇ ಒಂದು ಕಾರಣವನ್ನು ಕಾವ್ಯ ನಮ್ಮ ಕೈಯಲ್ಲಿ ಇಟ್ಟಿರುತ್ತದೆ, ಆ ಕಾರಣವನ್ನು ಹಿಡಿದುಕೊಂಡು ನಾವು ನೆತ್ತರನ್ನು ದಾಟುತ್ತೇವೆ. ರೆಫ್ನ್ ಆ ಕಾರಣವನ್ನು ಕೊಡಲು ಒಪ್ಪುವುದಿಲ್ಲ. ಒಕ್ಕಣ್ಣ ಎಲ್ಲಿಯವನು, ಯಾರಿಂದ ಸೆರೆಯಾದ, ಅವನ ಮನೆಮಂದಿಗೆ ಏನಾಯಿತು ಎಂಬ ಒಂದು ಸುಳಿವನ್ನೂ ಅವರು ಬಿಡುವುದಿಲ್ಲ. ಹಾಗಾಗಿ ಸೀಳಿದ ಹೊಟ್ಟೆ ಸೀಳಿದ ಹೊಟ್ಟೆಯಾಗಿಯೇ ನಮ್ಮ ಮುಂದೆ ಉಳಿಯುತ್ತದೆ. ತಮಗಾದ ಜುಗುಪ್ಸೆ ನಿರ್ದೇಶಕನ ಕೈತಪ್ಪಿನಿಂದ ಆದದ್ದಲ್ಲ. ಅವರು ನಮ್ಮನ್ನು ಕರೆತರಲು ಬಯಸಿದ್ದು ಅಲ್ಲಿಗೇ ಎಂದು ನನ್ನ ನಂಬಿಕೆ.

ಇದನ್ನು ಚಿತ್ರದ ಹೆಸರಿನ ಜೊತೆ ಇಟ್ಟು ನೋಡಬೇಕು. ವಲ್ಹಲ್ಲಾ ಎಂದರೆ ನಾರ್ಸ್ ಜನರ, ಅಂದರೆ ಹಿಂದಿನ ಸ್ಕ್ಯಾಂಡಿನೇವಿಯದವರ, ಪುರಾಣದಲ್ಲಿ ರಣದಲ್ಲಿ ಮಡಿದವರಿಗಾಗಿ ಓಡಿನ್ ದೇವನು ತೆರೆದಿಟ್ಟ ಸಭಾಮಂದಿರ. ಸತ್ತವರನ್ನು ಆರಿಸಿ ತರುವವರು ವಾಲ್ಕಿರಿಗಳೆಂಬ ದೇವಕನ್ಯೆಯರು. ನಮ್ಮ ಭಾಷೆಯಲ್ಲಿ ಇದಕ್ಕೆ ಅರ್ಥ ಬರೆಯುವ ಅಗತ್ಯವೇ ಇಲ್ಲ. ವೀರಸ್ವರ್ಗ ಎಂದರೆ ಸಾಕು. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ಶ್ಯಾಂಗ್‌ವಿಡೆ ಎಂಬಲ್ಲಿ 1844ರಲ್ಲಿ ದೊರೆತ, ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರಶಿಲೆಯನ್ನು ನೋಡಿದರೆ ತಮಗೆ ಅದು ನಮ್ಮ ಊರ ಹೊರಗಿನ ವೀರಗಲ್ಲೆಂದೇ ಅನ್ನಿಸೀತು. ಮೇಲ್ಭಾಗದಲ್ಲಿ ಎಂಟು ಕಾಲಿನ ಕುದುರೆಯ ಮೇಲೆ ಬರುವ ಸವಾರ, ಅವನೆದುರು ಪಾನದ ಕೊಂಬು ಹಿಡಿದು ನಿಂತ ಹೆಣ್ಣು. ಕೆಳಗೆ ಹಾಯಿ ಬಿಚ್ಚಿದ ಹಡಗು. ನಮ್ಮ ವೀರಗಲ್ಲುಗಳಲ್ಲೂ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೈಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ. ಎಷ್ಟೋ ಕಲ್ಲುಗಳ ಮೇಲೆ ಕೊರೆದಿರುವ ಶ್ಲೋಕ ತಮಗೆ ಗೊತ್ತೇ ಇದೆ: ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ.’ ಗೆದ್ದರೆ ಸಿರಿ, ಸತ್ತರೆ ಸುರಾಂಗನೆ. ಒಬ್ಬರ ಮಾತು ಇನ್ನೊಬ್ಬರು ಕೇಳಿರದ ಎರಡು ನಾಡುಗಳಲ್ಲಿ, ಹೆಚ್ಚುಕಡಿಮೆ ಅದೇ ಶತಮಾನಗಳಲ್ಲಿ, ಸಾಯಲು ಹೊರಟವನಿಗೆ ಕಲ್ಲಿನ ಮೇಲೆ ಕೊಟ್ಟ ಭರವಸೆ ಒಂದೇ ಬಗೆಯದು.

ಹೆಸರಿನಲ್ಲಿ ವಲ್ಹಲ್ಲಾ ಇಟ್ಟುಕೊಂಡ ಈ ಚಿತ್ರದಲ್ಲಿ ಆ ಭರವಸೆಯ ಪಟ್ಟಿಕೆಗಳು ಎಲ್ಲೂ ಇಲ್ಲ. ತೊಂಬತ್ತು ನಿಮಿಷಗಳಿಗೆ ತುಸು ಮೀರಿದ ಅವಧಿಯುದ್ದಕ್ಕೂ ನಾವು ನೋಡುವುದು ಕೆಳಗಿನ ಪಟ್ಟಿಕೆಯೊಂದನ್ನೇ: ಕೆಸರು, ಕೈ, ಕಲ್ಲು, ಉಸಿರು. ಕಾದುವ ಇಬ್ಬರ ಮೇಲೆ ಮೋಡ ಹಾದುಹೋಗುತ್ತದೆ. ಯಾರೂ ಇಳಿದು ಬರುವುದಿಲ್ಲ. ಆ ನಾಡಿನ ಕಡಲಯೋಧರಾದ ವೈಕಿಂಗರೆಂದರೆ ಕೊಂಬಿನ ಶಿರಸ್ತ್ರಾಣ ತೊಟ್ಟು ಅಬ್ಬರಿಸುವವರು ಎಂಬ ಚಿತ್ರ ನಮ್ಮ ಮಕ್ಕಳ ಪುಸ್ತಕಗಳಲ್ಲೂ ಇದೆ. ಆ ಕೊಂಬುಗಳನ್ನು ಮನೆಮಾತಾಗಿಸಿದ್ದು ಜರ್ಮನಿಯ ಬೈರಾಯ್ಟ್ ನಗರದ ಸಂಗೀತನಾಟಕವೊಂದಕ್ಕೆ 1876ರಲ್ಲಿ ಹೊಲಿದ ವೇಷಭೂಷಣ. ಕೊಂಬಿನ ಜೊತೆಗೆ ಅಬ್ಬರವನ್ನೂ ಬಿಟ್ಟ ಚಿತ್ರವಿದು.

ಇನ್ನು ಮೌನ. ‘ಹೇಳಲು ಏನೂ ಇಲ್ಲದವರು ಹೊದ್ದುಕೊಂಡ ಗಾಂಭೀರ್ಯ’ ಎಂಬ ಮಾತಿಗೆ ತಕ್ಕ ಚಿತ್ರಗಳು ಬೇಕಾದಷ್ಟಿವೆ. ಈ ಚಿತ್ರದ ಐದನೆಯ ಭಾಗದ ಕೆಲವು ನಿಮಿಷಗಳ ಬಗ್ಗೆ ನನಗೂ ಹಾಗೇ ಅನ್ನಿಸಿತ್ತು. ಆದರೆ ಒಕ್ಕಣ್ಣನ ಪಾತ್ರದಲ್ಲಿರುವ ಮ್ಯಾಡ್ಸ್ ಮಿಕೆಲ್ಸನ್ ನಟನೆಗೆ ಬರುವ ಮುಂಚೆ ಜಿಮ್ನಾಸ್ಟ್ ಆಗಿದ್ದವರು, ಆಮೇಲೆ ವರ್ಷಗಟ್ಟಲೆ ವೃತ್ತಿಪರ ನರ್ತಕರಾಗಿದ್ದವರು. ಅವರು 1996ರಲ್ಲಿ ಚಿತ್ರರಂಗಕ್ಕೆ ಬಂದದ್ದೂ ರೆಫ್ನ್ ಅವರ ಮೊದಲ ಚಿತ್ರದ ಮೂಲಕವೇ. ಮಾತಿಲ್ಲದ ಪಾತ್ರವನ್ನು ರೆಫ್ನ್ ಯಾರ ಮೈಯನ್ನು ನಂಬಿ ಬರೆದರು ಎಂಬುದು ಇದರಿಂದ ತಿಳಿಯುತ್ತದೆ. ಪಂಜರದ ದೃಶ್ಯವನ್ನೇ ತೆಗೆದುಕೊಳ್ಳಿ. ಹುಡುಗ ಊಟ ತಂದಾಗ ಒಕ್ಕಣ್ಣ ತಲೆ ಎತ್ತುವುದಿಲ್ಲ, ಕೃತಜ್ಞತೆಯ ನೋಟವಿಲ್ಲ. ಆದರೆ ಬೇರೆಯವರು ಹತ್ತಿರ ಬಂದಾಗ ಬಿಗಿಯುವ ಭುಜ ಹುಡುಗ ಬಂದಾಗ ಬಿಗಿಯುವುದಿಲ್ಲ. ಸ್ನೇಹದ ಬಗ್ಗೆ ಚಿತ್ರ ಅಷ್ಟು ಹೊತ್ತಿನವರೆಗೆ ಹೇಳುವುದು ಅಷ್ಟೇ, ನನಗೆ ಅಷ್ಟು ಸಾಕಾಯಿತು.

ರೆಫ್ನ್ ಅವರಿಗೆ ವರ್ಣಾಂಧತೆಯಿದೆ. ನಡುವಣ ಬಣ್ಣಗಳು ತನಗೆ ಕಾಣುವುದಿಲ್ಲ, ಹಾಗಾಗಿಯೇ ತನ್ನ ಚಿತ್ರಗಳಲ್ಲಿ ವ್ಯತ್ಯಾಸ ಎದ್ದುಕಾಣುವಂತೆ ಇರುತ್ತದೆ ಎಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಸ್ಕಾಟ್‌ಲೆಂಡಿನ ಬೆಟ್ಟಗಳಲ್ಲಿ ಛಾಯಾಗ್ರಾಹಕ ಮಾರ್ಟೆನ್ ಸೋಬೊರ್ಗ್ ಚಿತ್ರೀಕರಿಸಿದ ಬೂದು ಆಕಾಶ, ಕಪ್ಪು ಬಂಡೆಗಳ ನಡುವೆ ಒಕ್ಕಣ್ಣನಿಗೆ ಮುಂದಾಗುವುದು ಕಾಣುವ ಕ್ಷಣಗಳಷ್ಟೇ ಕಡುಗೆಂಪಾಗಿ ಬರುವುದಕ್ಕೆ ಇದೂ ಒಂದು ಕಾರಣವಿರಬೇಕು. ಅವನು ಕಳೆದುಕೊಂಡ ಕಣ್ಣಿನ ಬಗ್ಗೆ ಚಿತ್ರ ಏನನ್ನೂ ಹೇಳುವುದಿಲ್ಲವಾದರೂ ನಾರ್ಸ್ ಪುರಾಣ ಬಲ್ಲವರಿಗೆ ಓಡಿನ್ ನೆನಪಾಗದೆ ಇರುವುದಿಲ್ಲ: ಮಿಮಿರನ ಬಾವಿಯ ನೀರಿನ ಒಂದು ಗುಟುಕಿಗಾಗಿ, ಅಂದರೆ ಅರಿವಿಗಾಗಿ, ಒಂದು ಕಣ್ಣನ್ನು ಒತ್ತೆಯಿಟ್ಟ ದೇವರು ಅವನು.

ಇತಿಹಾಸದ ಮಾತಿಗೆ ಬರುತ್ತೇನೆ. ಕಥೆ ನಡೆಯುವುದು ಕ್ರಿ.ಶ. 1000ರ ಆಸುಪಾಸಿನಲ್ಲಿ ಎಂದಿರುವಾಗ ಜೆರುಸಲೇಮಿನ ಧರ್ಮಯುದ್ಧಕ್ಕೆ ಹೊರಟವರು ಎಲ್ಲಿಂದ ಬಂದರು ಎಂದು ತಾವು ಕೇಳಿದ್ದೀರಿ. ಸರಿಯಾದ ಪ್ರಶ್ನೆ. ಪೋಪ್ ಎರಡನೆಯ ಅರ್ಬನ್ ಕ್ಲೆರ್ಮಾಂಟ್‌ನಲ್ಲಿ ಮೊದಲ ಧರ್ಮಯುದ್ಧಕ್ಕೆ ಕರೆಕೊಟ್ಟದ್ದು 1095ರಲ್ಲಿ. ನಾರ್ವೆಯ ಅರಸ ಸಿಗುರ್ಡ್ ಅರವತ್ತು ಹಡಗುಗಳೊಡನೆ ಅದೇ ದಿಕ್ಕಿಗೆ ಹೊರಟದ್ದು 1107ರಲ್ಲಿ. ಉತ್ತರದವರ ಧರ್ಮಯುದ್ಧ ನಡೆದದ್ದು ನಿಜ, ಆದರೆ ಚಿತ್ರ ಅದನ್ನು ನೂರು ವರ್ಷ ಹಿಂದಕ್ಕೆ ಎಳೆದಿದೆ. ಶಿಲುಬೆ ಹೊತ್ತವರು ಹಳೆಯ ನಂಬಿಕೆಯವರನ್ನು ಭೂಮಿಯ ಅಂಚಿಗೆ ಅಟ್ಟಿದರು ಎಂಬ ಆರಂಭದ ಬರಹವೂ ಅರ್ಧದಷ್ಟೇ ಸತ್ಯ. ನಾರ್ವೆಯಲ್ಲಿ ಅರಸರು ಕತ್ತಿಯ ಬಲದಿಂದ ಮತಾಂತರ ಮಾಡಿಸಿದ್ದುಂಟು. ಐಸ್‌ಲ್ಯಾಂಡಿನಲ್ಲಿ ಮಾತ್ರ ಅದೇ 1000ದ ಸುಮಾರಿಗೆ ಜನಸಭೆ ಸೇರಿ, ಎರಡೂ ಪಕ್ಷದವರು ಒಪ್ಪಿದ ಒಬ್ಬ ಹಿರಿಯ ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಆಲೋಚಿಸಿ ತೀರ್ಪು ಕೊಟ್ಟ. ಮನೆಯೊಳಗೆ ಗುಟ್ಟಾಗಿ ಹಳೆಯ ದೇವರಿಗೆ ಬಲಿ ಕೊಡುವವರನ್ನು ಕೆಲವು ಕಾಲ ಸುಮ್ಮನೆ ಬಿಡಲಾಯಿತು.

ಆದರೆ ಮಂಜಿನಲ್ಲಿ ದಾರಿತಪ್ಪುವ ಆ ದೋಣಿ ಚಿತ್ರದವರು ಕಟ್ಟಿದ ಕಥೆಯೆಂದು ತಾವು ಬರೆದದ್ದನ್ನು ನಾನು ಒಪ್ಪಲಾರೆ. ಹಳೆಯ ನಾರ್ಸ್ ಭಾಷೆಯಲ್ಲಿ ‘ಹಾಫ್‌ವಿಲ್ಲಾ’ ಎಂಬ ಒಂದು ಪದವಿದೆ. ನಡುಗಡಲಿನಲ್ಲಿ ದಿಕ್ಕು ಪೂರ್ತಿ ತಪ್ಪಿಹೋಗುವುದಕ್ಕೆ ಅವರು ಇಟ್ಟ ಹೆಸರು ಅದು. ಅದಕ್ಕೆಂದೇ ಒಂದು ಪದ ಹುಟ್ಟಬೇಕಾದರೆ ಅದು ಎಷ್ಟು ಮಂದಿಯ ಅನುಭವವಾಗಿರಬೇಕು! ಐಸ್‌ಲ್ಯಾಂಡಿನಲ್ಲಿ ಬರೆದಿಟ್ಟ ‘ಗ್ರೀನ್‌ಲ್ಯಾಂಡಿನವರ ಸಾಗಾ’ ಎಂಬ ಹಳೆಯ ಗದ್ಯಕಥನದ ಪ್ರಕಾರ ಅಮೆರಿಕದ ದಡವನ್ನು ಮೊದಲು ಕಂಡ ನಾರ್ಸ್ ನಾವಿಕ ಬ್ಯಾರ್ನಿ ಅದನ್ನು ಹುಡುಕಿಕೊಂಡು ಹೋದವನೇ ಅಲ್ಲ. ತಂದೆಯನ್ನು ಕಾಣಲೆಂದು ಗ್ರೀನ್‌ಲ್ಯಾಂಡಿಗೆ ಹೊರಟವನು. ಬಡಗಣ ಗಾಳಿಗೂ ಮಂಜಿಗೂ ಸಿಕ್ಕು, ಎಲ್ಲಿದ್ದೇವೆಂದು ತಿಳಿಯದೆ ದಿನಗಟ್ಟಲೆ ತೇಲಿ, ಕಡೆಗೆ ಕಾಡು ತುಂಬಿದ ಒಂದು ದಡವನ್ನು ಕಂಡವನು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್‌ನಲ್ಲಿ 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್, ಆನ್ನೆ ಸ್ಟಿನೆ ಇಂಗ್‌ಸ್ಟಾಡ್ ದಂಪತಿಗಳು ನಾರ್ಸ್ ಮನೆಗಳ ಕುರುಹು ಪತ್ತೆಮಾಡಿದರು. ಅಲ್ಲಿ ಲೋಹದ ಅಲಗಿನಿಂದ ಕಡಿದ ಮರದ ತುಂಡುಗಳು 1021ನೆಯ ಇಸವಿಯವು ಎಂದು 2021ರಲ್ಲಿ ವಿಜ್ಞಾನಿಗಳು ಖಚಿತಪಡಿಸಿದರು. ದೋಣಿಯಲ್ಲಿ ಕುಡಿಯುವ ನೀರು ಮುಗಿದು, ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಾ, ಹುಡುಗನೇ ಶಾಪವೆಂದು ಅವನನ್ನು ಕೊಲ್ಲಲು ಹೊರಟವರ ನಡುವೆ, ಸುತ್ತಲಿನ ನೀರನ್ನು ಕೈಯಲ್ಲಿ ಮೊಗೆದು ಬಾಯಿಗಿಟ್ಟಾಗ ಅದು ಸಿಹಿನೀರು ಎಂದು ತಿಳಿಯುವ ಆ ಒಂದು ಗಳಿಗೆಯಿದೆಯಲ್ಲ, ಕಡಲು ಮುಗಿದು ನದಿಯೊಳಗೆ ಬಂದಿದ್ದೇವೆಂದು ನಾಲಗೆಯಿಂದ ತಿಳಿಯುವ ಗಳಿಗೆ, ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ.

ತಾವು ಎತ್ತದ ಒಂದು ಆಕ್ಷೇಪವನ್ನು ನಾನೇ ಇಲ್ಲಿ ಎತ್ತಬೇಕು. ದಡ ಮುಟ್ಟಿದ ಮೇಲೆ ಕಾಡಿನಿಂದ ಬಾಣಗಳು ಬರುತ್ತವೆ. ಬಿಟ್ಟವರು ಬಹಳ ಹೊತ್ತಿನವರೆಗೆ ಕಾಣುವುದಿಲ್ಲ. ಕಡೆಗೆ ಮೈಗೆ ಬಣ್ಣ ಬಳಿದುಕೊಂಡು ಸಾಲಾಗಿ ನಿಂತಾಗಲೂ ಅವರಿಗೆ ಮಾತಿಲ್ಲ. ಒಕ್ಕಣ್ಣನ ಮೌನಕ್ಕೆ ಚಿತ್ರ ಅಷ್ಟು ಸಮಯ ಕೊಟ್ಟಿದೆ, ಅವನ ಭುಜದ ಬಿಗಿತವನ್ನೂ ನಾವು ಓದಬಲ್ಲೆವು. ಈ ಜನರ ಮೌನಕ್ಕೆ ಮಾತ್ರ ಮುಖವೇ ಇಲ್ಲ. ಆ ನೆಲ ಅವರದು, ಬಂದವರು ಅಲ್ಲೇ ಹೊಸ ಜೆರುಸಲೇಮ್ ಕಟ್ಟುವ ಹುಚ್ಚು ಹಿಡಿದವರು. ಆದರೂ ಚಿತ್ರದಲ್ಲಿ ಅವರು ಮಂಜಿನಂತೆ, ನದಿಯಂತೆ, ಪ್ರಕೃತಿಯ ಒಂದು ಭಾಗವಾಗಿಬಿಟ್ಟಿದ್ದಾರೆ. ನನಗೆ ಇದು ಚಿತ್ರದ ದೊಡ್ಡ ಕೊರತೆ.

ಏಳೆಂಟು ಶತಮಾನ ಹಳೆಯ ಸಾಗಾ ಈ ವಿಷಯದಲ್ಲಿ ಚಿತ್ರಕ್ಕಿಂತ ಪ್ರಾಮಾಣಿಕವಾಗಿದೆ ಎಂಬುದು ತಮಗೆ ಆಸಕ್ತಿಯ ಸಂಗತಿಯಾಗಬಹುದು. ಬ್ಯಾರ್ನಿ ಕಂಡ ನಾಡಿಗೆ ಆಮೇಲೆ ಹೋಗಿ ಇಳಿದ ಲೀಫ್ ಎರಿಕ್ಸನ್‌ನ ತಮ್ಮ ಥೋರ್ವಾಲ್ಡ್ ಆ ದಡದಲ್ಲಿ ಒಂದು ಚೆಲುವಾದ ಜಾಗ ಕಂಡು, ಇಲ್ಲೇ ಮನೆ ಕಟ್ಟುತ್ತೇನೆ ಎನ್ನುತ್ತಾನೆ. ಮರಳ ಮೇಲೆ ಚರ್ಮದ ಮೂರು ದೋಣಿಗಳು ಮಗುಚಿಕೊಂಡಿರುತ್ತವೆ, ಒಂದೊಂದರ ಕೆಳಗೂ ಮೂವರು. ಇವನ ಕಡೆಯವರು ಅವರಲ್ಲಿ ಎಂಟು ಮಂದಿಯನ್ನು ಹಿಡಿದು ಕೊಲ್ಲುತ್ತಾರೆ. ಒಬ್ಬ ದೋಣಿಯೊಡನೆ ತಪ್ಪಿಸಿಕೊಳ್ಳುತ್ತಾನೆ. ಕಾರಣ ಹೇಳುವ ಗೋಜಿಗೇ ಸಾಗಾ ಹೋಗುವುದಿಲ್ಲ. ಆಮೇಲೆ ಅಸಂಖ್ಯ ದೋಣಿಗಳು ಬರುತ್ತವೆ, ಬಾಣಗಳು ಬರುತ್ತವೆ. ಹಡಗಿನ ಅಂಚಿಗೂ ಗುರಾಣಿಗೂ ನಡುವಣ ಸಂದಿಯಲ್ಲಿ ತೂರಿದ ಒಂದು ಬಾಣ ಥೋರ್ವಾಲ್ಡನ ಕಂಕುಳಿಗೆ ನಾಟುತ್ತದೆ. ಮನೆ ಕಟ್ಟಬೇಕೆಂದಿದ್ದ ಜಾಗದಲ್ಲೇ ತನ್ನನ್ನು ಹೂಳಿ, ತಲೆಯ ಬಳಿ ಒಂದು, ಕಾಲಿನ ಬಳಿ ಒಂದು ಶಿಲುಬೆ ನೆಡಿ ಎಂದು ಹೇಳಿ ಅವನು ಸಾಯುತ್ತಾನೆ. ಆ ಜಾಗಕ್ಕೆ ಶಿಲುಬೆಯ ಭೂಶಿರ ಎಂಬರ್ಥದ ಹೆಸರು ಬರುತ್ತದೆ. ಅಲ್ಲಿಯ ಜನರನ್ನು ಸಾಗಾ ‘ಸ್ಕ್ರೇಲಿಂಗ್’ ಎಂಬ ಹೀನ ಹೆಸರಿನಿಂದಲೇ ಕರೆಯುತ್ತದೆ. ಆದರೂ ಮೊದಲು ಕೈಯೆತ್ತಿದವರು ಯಾರೆಂಬುದನ್ನು, ಕೈಯೆತ್ತಿದವರ ಮಕ್ಕಳ ಮಕ್ಕಳೇ ಬರೆದ ಕಥೆ ಮುಚ್ಚಿಡಲಿಲ್ಲ. ನ್ಯೂಫೌಂಡ್‌ಲ್ಯಾಂಡಿನ ಮೂಲನಿವಾಸಿಗಳಾದ ಬಿಯೋಥುಕ್ ಜನಾಂಗದ ಕೊನೆಯವಳೆಂದು ತಿಳಿಯಲಾದ ಶಾನಾಡಿತಿತ್ ಎಂಬ ಹೆಣ್ಣುಮಗಳು 1829ರಲ್ಲಿ ಕ್ಷಯದಿಂದ ತೀರಿಕೊಂಡಳು. ಆ ದಡದಲ್ಲಿ ಚಿತ್ರ ಮಾಡಹೊರಟವರು ಇದನ್ನೆಲ್ಲ ಅರಿತಿರಬೇಕಿತ್ತು ಎಂದು ಅಪೇಕ್ಷಿಸುವುದು ಹೆಚ್ಚಲ್ಲ.

ಈಗ ಅಂಚಿನಲ್ಲಿ ತಾವು ಬರೆದ ಪ್ರಶ್ನೆ. ನಿಜ ಹೇಳಬೇಕೆಂದರೆ ಈ ಪತ್ರಕ್ಕೆ ಇಷ್ಟು ದೀರ್ಘವಾಗಿ ಉತ್ತರಿಸಲು ಕೂತದ್ದೇ ಆ ಪ್ರಶ್ನೆಯಿಂದಾಗಿ. ಬೀಭತ್ಸವಲ್ಲದೆ ಬೇರೇನೂ ಇಲ್ಲದ ಚಿತ್ರವನ್ನು ನೋಡಿ ಎದ್ದವರು ಅದರೊಳಗಿನ ಹುಡುಗ ಏನಾದನೆಂದು ಕೇಳುವುದಿಲ್ಲ.

ಐದನೆಯ ಭಾಗದಲ್ಲಿ, ಮದ್ದು ಬೆರೆತ ಪೇಯ ಕುಡಿದು ಉಳಿದವರೆಲ್ಲ ಬುದ್ಧಿ ಕಳೆದುಕೊಂಡಾಗ, ಒಕ್ಕಣ್ಣನೊಬ್ಬ ಕಲ್ಲಿನ ಮೇಲೆ ಕಲ್ಲಿಟ್ಟು ಒಂದು ಗುಪ್ಪೆ ಕಟ್ಟುತ್ತಾನೆ. ಅಲ್ಲಿಯವರೆಗೆ ಕಲ್ಲನ್ನು ತಲೆ ಒಡೆಯಲು ಎತ್ತಿದ ಕೈ ಅದು. ಆರನೆಯ ಭಾಗದ ಹೆಸರು ಬಲಿ. ನಾಡಿನ ಜನ ಸುತ್ತುವರಿದಾಗ, ಕಾದಾಟ ಬಿಟ್ಟರೆ ಬೇರೇನೂ ಅರಿಯದ ಆ ಮನುಷ್ಯ ಕೈಯೆತ್ತುವುದಿಲ್ಲ. ಹುಡುಗನಿಗೆ ಏನೂ ಆಗಬಾರದೆಂದು ತಾನೇ ಮುಂದೆ ನಡೆದು ಅವರ ದೊಣ್ಣೆಗಳಿಗೆ ಮೈಯೊಡ್ಡುತ್ತಾನೆ. ಓಡಿನ್ ಒಂಬತ್ತು ರಾತ್ರಿ ಮರಕ್ಕೆ ನೇತುಬಿದ್ದು ತನ್ನನ್ನು ತನಗೇ ಬಲಿಕೊಟ್ಟುಕೊಂಡನೆಂದು ಹಳೆಯ ಹಾಡು ಹೇಳುತ್ತದೆ. ಅದಕ್ಕೆ ಪ್ರತಿಯಾಗಿ ಅವನಿಗೆ ರೂನ್ ಅಕ್ಷರಗಳ ವಿದ್ಯೆ ಸಿಕ್ಕಿತು. ಒಕ್ಕಣ್ಣನಿಗೆ ಸಿಗುವುದು ಏನೂ ಇಲ್ಲ. ಚಿತ್ರದುದ್ದಕ್ಕೂ ಅವನ ಕೈಯಿಂದ ಆದ ಸಾವುಗಳಲ್ಲಿ ಕಾರಣವೊಂದನ್ನು ನಾವು ಹುಡುಕುತ್ತ ಬಂದಿರುತ್ತೇವೆ. ಮೊದಲ ಬಾರಿಗೆ ಕಾರಣ ಕಣ್ಣಿಗೆ ಕಾಣುವ ಸಾವು ಅವನದೇ. ಅಪ್ಸರೆಯರನ್ನೂ ವಾಲ್ಕಿರಿಗಳನ್ನೂ ಅಷ್ಟು ಬಿಗಿಯಾಗಿ ಹೊರಗಿಟ್ಟದ್ದು ಈ ಒಂದು ದೃಶ್ಯಕ್ಕಾಗಿಯೇ ಎಂದು ಎರಡನೆಯ ಸಲ ನೋಡಿದಾಗ ನನಗೆ ಅನ್ನಿಸಿತು.

ಹುಡುಗ ಬದುಕುತ್ತಾನೆ. ಬಂದ ಜನ ಬಂದಂತೆಯೇ ಕಾಡಿಗೆ ಮರಳುತ್ತಾರೆ, ಅವನನ್ನು ಮುಟ್ಟುವುದಿಲ್ಲ. ಅವನು ಮುಂದೆ ಎಲ್ಲಿಗೆ ಹೋದ, ಯಾರಾದರೂ ಅವನಿಗೆ ಊಟ ಕೊಟ್ಟರೋ ಇಲ್ಲವೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಅಲ್ಲಿಯವರೆಗೆ ಒಕ್ಕಣ್ಣನ ಪರವಾಗಿ ಎಲ್ಲರೊಡನೆ ಮಾತಾಡುತ್ತಿದ್ದವನು ಅವನೇ: ಒಕ್ಕಣ್ಣ ಏನೆನ್ನುತ್ತಿದ್ದಾನೆಂದು ಯಾರಾದರೂ ಕೇಳಿದರೆ ಹುಡುಗ ಆ ಮುಖವನ್ನೊಮ್ಮೆ ನೋಡಿ ಉತ್ತರ ಕೊಡುತ್ತಿದ್ದ. ಈಗ ಅವನು ನೀರಿನ ಕಡೆ ಮುಖಮಾಡಿ ಒಬ್ಬನೇ ನಿಂತಿದ್ದಾನೆ, ಬಾಯಿ ಮುಚ್ಚಿಕೊಂಡು.

— ಸಂಪಾದಕ